ನಕ್ಷೆಗಳ ಉಗ್ರಾಣದಕ್ಕ

ಸಭೆಯ ಪರದೆಯ ಮೇಲೆ ಮೂಡಬೇಕಾಗಿದ್ದದ್ದು ಕಂಪನಿಯ ಇನ್ನೂರ ಹನ್ನೆರಡು ಕಂಪ್ಯೂಟರ್ ವ್ಯವಸ್ಥೆಗಳ ಮಹಾನಕ್ಷೆ. ಮೂಡಿದ್ದು ಉಗ್ರಾಣದಕ್ಕನ ಅಡುಗೆಮನೆ.

ಮೊದಲಿಗೆ ಯಾರಿಗೂ ಗೊತ್ತಾಗಲಿಲ್ಲ. ಚೌಕಗಳಿದ್ದವು, ಚೌಕದಿಂದ ಚೌಕಕ್ಕೆ ಬಾಣಗಳಿದ್ದವು, ಪ್ರತಿ ಚೌಕದೊಳಗೆ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಇಂಥ ಸಭೆಗಳಲ್ಲಿ ಅಷ್ಟಿದ್ದರೆ ಸಾಕು, ಜನ ತಲೆಯಾಡಿಸುತ್ತಾರೆ. ಹನ್ನೊಂದು ಮಂದಿ ಮ್ಯಾನೇಜರುಗಳೂ ಆಡಿಸಿದರು. ಒಬ್ಬರು ಪುಸ್ತಕ ತೆಗೆದು ಬರೆದುಕೊಂಡರು ಕೂಡ. ಖರೀದಿ ವಿಭಾಗದ ಮೇಡಂ ಮಾತ್ರ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿಬಿಟ್ಟರು.

“‘ಸಕ್ಕರೆ ಡಬ್ಬಿ. ಜವಾಬ್ದಾರಿ: ಅತ್ತೆ. ಕೊನೆಯ ಸಲ ಮುಟ್ಟಿ ನೋಡಿದ್ದು: ಮಂಗಳವಾರ. ಇದನ್ನು ನಂಬಿಕೊಂಡಿರುವವರು: ಚಹಾ, ಯಜಮಾನರು, ಇರುವೆ.’ ಇದ್ಯಾವ ವಿಭಾಗದ್ದಮ್ಮಾ?”

ಸಭೆ ಬಿದ್ದು ಬಿದ್ದು ನಕ್ಕಿತು. ನಕ್ಷೆ ಎಂಬ ಪದ ‘ನಕ್ಕ’ದಿಂದಲೇ ಹುಟ್ಟಿತೇನೋ ಎಂದು ನನಗೆ ಅನುಮಾನ ಬಂದದ್ದು ಆಗಲೇ. ಅಕ್ಕ ಕಿವಿಯವರೆಗೂ ಕೆಂಪಾಗಿ ಕಂಪ್ಯೂಟರಿನ ಇಲಿಯನ್ನು ಅತ್ತಿತ್ತ ಓಡಿಸಿದರು. ಪರದೆಯ ಮೇಲೆ ಉಪ್ಪಿನ ಡಬ್ಬಿ ದೊಡ್ಡದಾಯಿತೇ ಹೊರತು ಮರೆಯಾಗಲಿಲ್ಲ.

“ಕ್ಷಮಿಸಿ ಸರ್, ಇದು ನಮ್ಮನೇದು. ತಪ್ಪು ಜಾಗದಲ್ಲಿ ಇಟ್ಟುಬಿಟ್ಟಿದೀನಿ.”

ಸರಿಯಾದ ಜಾಗದಲ್ಲಿಡುವುದೇ ಕೆಲಸವಾಗಿರುವವರ ಬಾಯಲ್ಲಿ ಈ ಮಾತು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಬಿಡುತ್ತಾರೆಯೇ? ಇರುವ ಯಂತ್ರಗಳನ್ನೆಲ್ಲ ಆಚೆ ಹಾಕಿ ಎಲ್ಲವನ್ನೂ ‘ಕ್ಲೌಡ್’ಗೆ ಏರಿಸುತ್ತೇನೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದುದರಿಂದ ಅವರಿಗೆ ನಾವಿಟ್ಟ ಹೆಸರು ಮೋಡಣ್ಣ. “ನೋಡಿ ಸರ್,” ಎಂದರು ಮೋಡಣ್ಣ ದೊಡ್ಡ ಸಾಹೇಬರತ್ತ ತಿರುಗಿ, “ಇದಕ್ಕೇ ನಾನು ಹೇಳಿದ್ದು. ನಕ್ಷೆ ಇಡೋಕೆ ಒಂದು ರೂಮು, ರೂಮಿಗೆ ಒಬ್ಬರು, ಅವರ ಬಾಗಿಲಿಗೊಂದು ಬೋರ್ಡು. ಯಾಕೆ ಬೇಕು?”

ದೊಡ್ಡ ಸಾಹೇಬರು ಕಣ್ಣೊರೆಸಿಕೊಂಡು, “ಇವತ್ತು ನನಗೆ ಅರ್ಥವಾದ ನಕ್ಷೆ ಇದೊಂದೇ ಕಣ್ರೀ” ಎಂದರು. ಆದರೆ ಅವರ ಮುಂದಿನ ಮಾತು ತಮಾಷೆಯದಾಗಿರಲಿಲ್ಲ. “ಆರು ತಿಂಗಳು ನೋಡೋಣ. ಅಷ್ಟರಲ್ಲಿ ಈ ಉಗ್ರಾಣದಿಂದ ಕಂಪನಿಗೆ ಒಂದಾದರೂ ಉಪಯೋಗ ಆಯ್ತು ಅಂದ್ರೆ ಇರಲಿ. ಇಲ್ಲದಿದ್ರೆ ಬೀಗ. ನೀವು ವಾಪಸ್ ಗೋದಾಮಿಗೆ.”

ಅಕ್ಕನ ಕೆಂಪು ಇಳಿದು ಮುಖ ಬಿಳುಚಿಕೊಂಡದ್ದು ಆ ‘ವಾಪಸ್’ ಎಂಬ ಮಾತಿಗೆ.

ನಮ್ಮದು ಲಿಫ್ಟ್ ಕಂಪನಿ. ಏಳುಬೀಳು ನಮ್ಮ ದಿನನಿತ್ಯದ ವ್ಯವಹಾರ. ಲಿಫ್ಟಿನೊಳಗೆ ಅಂಟಿಸಿರುವ ‘ಬಾಗಿಲಿಗೆ ಒರಗಬೇಡಿ’ ಎಂಬ ಸಾಹಿತ್ಯ ನನ್ನದು. ಅದರ ಹಿಂದೆ ಇಪ್ಪತ್ತು ವರ್ಷದ ಸಾಧನೆಯಿದೆ. ಅಕ್ಕನ ಸೇವೆ ನನಗಿಂತ ಎರಡು ವರ್ಷ ಹೆಚ್ಚು. ಆ ಇಪ್ಪತ್ತೆರಡು ವರ್ಷವೂ ಅವರು ಊರಿನ ಆಚೆ ತುದಿಯ ಬಿಡಿಭಾಗಗಳ ಗೋದಾಮಿನಲ್ಲಿ, ಎರಡು ಬಸ್ಸು ಬದಲಿಸಿ ಹೋಗಿ, ತಗಡಿನ ಮಾಡಿನ ಕೆಳಗೆ ಬೋಲ್ಟು, ಬೇರಿಂಗು, ಹಗ್ಗದ ಸುರುಳಿ ಎಣಿಸಿದವರು. ಬೆಳಿಗ್ಗೆ ಹೊರಟಾಗ ಮನೆಯ ಹೂವಿನ ಕುಂಡದಲ್ಲಿದ್ದ ಮೊಗ್ಗು ಸಂಜೆ ಬರುವಾಗ ಬಾಡಿರುತ್ತಿತ್ತು, ಅರಳಿದ್ದನ್ನು ನೋಡಿದ್ದು ಭಾನುವಾರ ಮಾತ್ರ ಎಂದು ಅವರೇ ಒಮ್ಮೆ ಹೇಳಿದ್ದರು.

ಅಲ್ಲಿಂದ ಅವರು ನಮ್ಮ ಕಚೇರಿಗೆ ಬಂದದ್ದು ಹೀಗೆ. ಐದು ವರ್ಷದ ಹಿಂದೆ ನಮ್ಮ ಕಂಪನಿ ಇನ್ನೊಂದು ಸಣ್ಣ ಕಂಪನಿಯನ್ನು ನುಂಗಿತು. ನುಂಗಿದ ಮೇಲೆ ಅಜೀರ್ಣವಾಯಿತು. ಅವರ ಕಂಪ್ಯೂಟರುಗಳಿಗೆ ನಮ್ಮವು ಅರ್ಥವಾಗವು, ನಮ್ಮವಕ್ಕೆ ಅವರವು. ಸಲಹೆಗಾರರು ಬಂದರು. ಯಾವ ಯಂತ್ರ ಯಾವ ಯಂತ್ರವನ್ನು ನೆಚ್ಚಿಕೊಂಡಿದೆ, ಯಾವ ವಿಭಾಗ ಯಾವುದನ್ನು ಬಳಸುತ್ತದೆ, ಮುಂದೆ ಹೇಗಿರಬೇಕು ಎಂದು ಮುನ್ನೂರ ನಲವತ್ತು ನಕ್ಷೆ ಬರೆದು, ಕೈ ಕುಲುಕಿ ಹೋದರು. ನಕ್ಷೆಗಳು ಉಳಿದವು. ಎಲ್ಲಿ ಉಳಿದವು ಎಂಬುದು ಬೇರೆ ಪ್ರಶ್ನೆ. ಕೆಲವು ಮೋಡಣ್ಣನ ಲ್ಯಾಪ್‌ಟಾಪಿನಲ್ಲಿ, ಕೆಲವು ಕೆಲಸ ಬಿಟ್ಟು ಹೋದವರ ಮೇಲ್‌ನಲ್ಲಿ, ಹದಿನಾಲ್ಕು ದೊಡ್ಡ ಹಾಳೆಗಳು ಸುರುಳಿಯಾಗಿ ಸ್ವಾಗತ ಕೋಣೆಯಲ್ಲಿ ಛತ್ರಿ ಇಡುವ ಬುಟ್ಟಿಯೊಳಗೆ. ಒಂದೇ ನಕ್ಷೆಗೆ ‘ಕೊನೆಯದು’, ‘ನಿಜವಾಗಿ ಕೊನೆಯದು’, ‘ಇದೇ ಕೊನೆ, ಮುಟ್ಟಬೇಡಿ’ ಎಂಬ ಮೂರು ಅವತಾರ.

ಇವನ್ನೆಲ್ಲ ಒಂದೆಡೆ ಇಡಲು ಯಾರಾದರೂ ಬೇಕೆಂದಾಗ ಎಂಜಿನಿಯರುಗಳೆಲ್ಲ ಮೂಗು ಮುರಿದರು. ಬರೆಯುವುದು ಬುದ್ಧಿವಂತರ ಕೆಲಸ, ಎತ್ತಿಡುವುದು ಯಾರದೋ ಕೆಲಸ. “ಎತ್ತಿಡೋಕೆ ಬರೋವ್ರನ್ನೇ ಕರೆಸಿ” ಎಂದರು ದೊಡ್ಡ ಸಾಹೇಬರು. ಆ ಸಭೆಗೆ ಕೆಲವು ತಿಂಗಳ ಮೊದಲಷ್ಟೇ ಗೋದಾಮಿನಿಂದ ಅಕ್ಕ ಬಂದರು. ಮೆಟ್ಟಿಲ ಕೆಳಗಿದ್ದ, ಮುರಿದ ಕುರ್ಚಿಗಳ ಕೋಣೆ ಅವರದಾಯಿತು. ಬಾಗಿಲಿಗೆ ‘ನಕ್ಷೆ ಉಗ್ರಾಣ’ ಎಂದೂ ಅದರ ಕೆಳಗೆ ಅವರ ಹೆಸರೂ ಇರುವ ಬೋರ್ಡು ಬಿತ್ತು. ಬೋರ್ಡಿನಲ್ಲಿ ಹೆಸರು ಕಂಡದ್ದು ಐವತ್ತೊಂದನೇ ವಯಸ್ಸಿನಲ್ಲಿ. ಮೊದಲ ವಾರ ದಿನಾ ಬಟ್ಟೆಯಿಂದ ಒರೆಸುತ್ತಿದ್ದರು, ಧೂಳಿರಲಿ, ಬಿಡಲಿ.

ಮನೆಯಲ್ಲಿ ಅತ್ತೆಗೆ ಮಾತ್ರ ಸಮಾಧಾನವಿರಲಿಲ್ಲ. 

“ಏನಮ್ಮಾ ಕೆಲಸ ಅಲ್ಲಿ?”

“ನಕ್ಷೆ ಎತ್ತಿಡೋದು ಅತ್ತೆ.”

“ನೀನು ಬರೆದದ್ದಾ?”

“ಅಲ್ಲ. ಬೇರೆಯವರು.”

“ಬೇರೆಯವರು ಹರಡಿದ್ದನ್ನ ಎತ್ತಿಡೋಕೆ ಸಂಬಳ ಕೊಡ್ತಾರಾ? ಅರವತ್ತು ವರ್ಷದಿಂದ ಈ ಮನೇಲಿ ನಾನು ಇನ್ನೇನು ಮಾಡ್ತಿದೀನಿ? ನನ್ನ ಹೆಸರು ಯಾವ ಬಾಗಿಲ ಮೇಲಿದೆ, ಹೇಳು!”

ಅಡುಗೆಮನೆಯ ನಕ್ಷೆ ಹುಟ್ಟಿದ್ದು ಈ ವಾಗ್ವಾದದಿಂದಲೇ. ಅತ್ತೆಗೆ ತಮ್ಮ ಕೆಲಸ ತೋರಿಸಿಕೊಡಲು ಅಕ್ಕ ಅದನ್ನು ಬರೆದು ಮನೆಗೆ ಒಯ್ದಿದ್ದರು. ಅತ್ತೆ ಅದರಲ್ಲಿ ಏಳು ತಪ್ಪು ಹುಡುಕಿದರು. ಆ ತಿದ್ದಿದ ಪ್ರತಿಯೇ ಸಭೆಯಲ್ಲಿ ಪ್ರದರ್ಶನಗೊಂಡದ್ದು.

ಉಗ್ರಾಣದಲ್ಲಿ ಅಕ್ಕ ಪಾಲಿಸಿದ್ದು ಗೋದಾಮಿನ ಪದ್ಧತಿಗಳನ್ನೇ. ಅಲ್ಲಿ ಪ್ರತಿ ಖಾನೆಗೂ ಒಂದು ಕಾರ್ಡು ನೇತಾಡುತ್ತಿತ್ತು: ಒಳಗೇನಿದೆ, ಯಾರ ಜವಾಬ್ದಾರಿ, ಯಾರು ಯಾವಾಗ ಮುಟ್ಟಿ ಎಣಿಸಿದರು. ಇಲ್ಲಿ ಪ್ರತಿ ನಕ್ಷೆಗೂ ಅಂಥದೇ ಕಾರ್ಡು. ಅಲ್ಲಿ ಉಪಕರಣ ಬೇಕಾದವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಹಾಕಿ ಒಯ್ಯಬೇಕು. ಉಪಕರಣ ಬಂದ ಮೇಲೆ ಬಿಲ್ಲೆ ವಾಪಸ್. ಇಲ್ಲಿ ನಕ್ಷೆ ತಿದ್ದಲು ಒಯ್ಯುವವರು ಬಿಲ್ಲೆ ಹಾಕಬೇಕು. ಅದು ನೇತಾಡುವಷ್ಟು ದಿನ ಇನ್ನೊಬ್ಬರು ಆ ನಕ್ಷೆಗೆ ಕೈ ಹಚ್ಚುವಂತಿಲ್ಲ. ಕಂಪ್ಯೂಟರಿನಲ್ಲಿರುವ ನಕ್ಷೆಗೆ ಗೋಡೆಯ ಮೇಲೆ ಹಿತ್ತಾಳೆ ಬಿಲ್ಲೆ! ಕ್ಯಾಂಟೀನಿನಲ್ಲಿ ಇದೇ ಮಾತು. ಅಕ್ಕ ಜಗ್ಗಲಿಲ್ಲ. ಬಿಲ್ಲೆ ಇಲ್ಲದವರಿಗೆ ಅವರ ಉತ್ತರ ಒಂದೇ: ಒಲ್ಲೆ. ಆಗ ಅವರು ಕನ್ನಡಕದ ಮೇಲಿಂದ ನೋಡುತ್ತಿದ್ದ ನೋಟ, ಕಾನ್ವೆಂಟಿನಲ್ಲಿ ಉಗುರು ತಪಾಸಣೆಗೆ ಬರುತ್ತಿದ್ದ ನಮ್ಮ ಸಿಸ್ಟರ್‌ದು. ನಾನಂತೂ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದೆ.

ನಕ್ಷೆಗಳಿಗೆ ಅವರು ಮೂರು ಕಪಾಟು ಮಾಡಿದರು. ಕಂಪ್ಯೂಟರಿನಲ್ಲೂ ಮೂರು, ಗೋಡೆಯ ಪಕ್ಕವೂ ಮೂರು. ಮೊದಲನೆಯದರ ಹೆಸರು ‘ಇತ್ತು’. ಎರಡನೆಯದು ‘ಇದೆ’. ಮೂರನೆಯದು, ಮುಂದೆ ಹೀಗಿದ್ದರೆ ಚೆನ್ನ ಎಂಬ ಕನಸಿನ ನಕ್ಷೆಗಳಿಗೆ, ‘ಇರಲಿ’. ‘ಇದೆ’ ಕಪಾಟಿನ ನಕ್ಷೆಗೆ ಒಂದು ಕಟ್ಟಳೆ: ಯಾರಾದರೂ ಹೋಗಿ ಆ ಯಂತ್ರವನ್ನು ಮುಟ್ಟಿ ನೋಡಿ ಬಂದು ಕಾರ್ಡಿನ ಹಿಂಬದಿಗೆ ಸಹಿ ಹಾಕಿರಬೇಕು.

“ಕಾಗದದಲ್ಲಿ ಇದ್ರೆ ಇದ್ದಂಗಲ್ಲ” ಎನ್ನುತ್ತಿದ್ದರು ಅಕ್ಕ. “ಗೋದಾಮಲ್ಲಿ ಕಾಗದದ ಪ್ರಕಾರ ನಲವತ್ತು ಬೇರಿಂಗ್ ಇತ್ತು. ಖಾನೇಲಿ ಕೈ ಹಾಕಿದ್ರೆ ಹಲ್ಲಿ ಇತ್ತು.”

ಎಲ್ಲ ಸರಿ. ಬರುವವರು ಬೇಕಲ್ಲ? ಸಭೆಯಾದ ಮೇಲೆ ಅಕ್ಕ ಬಾಗಿಲಲ್ಲಿ ಒಂದು ಭೇಟಿ ಪುಸ್ತಕ ಇಟ್ಟರು. ಉಪಯೋಗಕ್ಕೆ ಸಾಕ್ಷಿ ಇರಲೆಂದು. ನಾಲ್ಕು ತಿಂಗಳಲ್ಲಿ ಅದರಲ್ಲಿ ಎಂಬತ್ತಾರು ಭೇಟಿ. ಕತ್ತರಿಗೆ ಮೂವತ್ತೊಂದು, ಅಂಟಿಗೆ ಹದಿನೆಂಟು, ಪೆನ್ನಿಗೆ ಇಪ್ಪತ್ತೆರಡು, ತಲೆನೋವಿನ ಮಾತ್ರೆಗೆ ಒಂಬತ್ತು. ನಕ್ಷೆಗೆ ಆರು. ಐದನೇ ತಿಂಗಳು ಅಕ್ಕ ಮನೆಯಲ್ಲಿ ಬಸ್ಸಿನ ಹಳೆಯ ವೇಳಾಪಟ್ಟಿ ಹುಡುಕುತ್ತಿದ್ದುದನ್ನು ಅತ್ತೆ ನೋಡಿದರು. ಹೂವಿನ ಕುಂಡವನ್ನು ಬೀದಿಯಿಂದ ಒಳಬರುವ ದಾರಿಗೆ ಎಳೆದಿಟ್ಟರು, ಹೋಗುವಾಗಲೂ ಬರುವಾಗಲೂ ಕಾಣುವಂತೆ.

ಆರನೇ ತಿಂಗಳ ಮೂರನೇ ಶುಕ್ರವಾರ, ಊಟದ ಹೊತ್ತು ಮುಗಿದಿತ್ತು. ಮೋಡಣ್ಣ ಒಂದು ಹಾಳೆ ಹಿಡಿದು ಉಗ್ರಾಣಕ್ಕೆ ಬಂದರು.

“ಸಂಜೆ ಐದಕ್ಕೆ ತಾತನ್ನ ಆಫ್ ಮಾಡಿ ಸಾಗಿಸ್ತಿದೀವಿ. ಇಲ್ಲೊಂದು ಸಹಿ ಹಾಕಿ.”

ತಾತ ಎಂದರೆ ನೆಲಮಾಳಿಗೆಯ ಹಳೆಯ ಕಂಪ್ಯೂಟರು. ಬೀರುವಿನಷ್ಟು ಎತ್ತರ, ಹದಿನೇಳು ವರ್ಷ ವಯಸ್ಸು, ಗೊರಕೆಯಂಥ ಸದ್ದು. ಯಾವ ಯಂತ್ರವನ್ನು ಆರಿಸಿ ನಿಲ್ಲಿಸಬೇಕಾದರೂ ‘ಇದನ್ನು ಈಗ ಯಾರೂ ನೆಚ್ಚಿಕೊಂಡಿಲ್ಲ’ ಎಂದು ಉಗ್ರಾಣದ ಸಹಿ ಬೇಕು ಎಂಬ ನಿಯಮವನ್ನು ಅಕ್ಕ ಹೇಗೋ ಮಾಡಿಸಿಕೊಂಡಿದ್ದರು. ಅಕ್ಕ ‘ಇದೆ’ ಕಪಾಟಿನಿಂದ ನಕ್ಷೆ ತೆಗೆದರು. ಅಂದವಾದ ನಕ್ಷೆ. ತಾತನಿಂದ ಹೊರಟ ಬಾಣಗಳೆಲ್ಲ ಕಡಿದಿದ್ದವು. ಕೊನೆಯ ಬಾಣ, ಅಂದರೆ ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಗುಂಡಿ ಒತ್ತಿದರೆ ನಮ್ಮ ತುರ್ತು ಕೋಣೆಯ ಗಂಟೆ ಬಾರಿಸುವ ದಾರಿ, ಹಸಿರು ಬಣ್ಣದಲ್ಲಿ ಹೊಸ ಯಂತ್ರದ ಮೂಲಕ ಹಾದುಹೋಗಿತ್ತು.

ಮುಂದೆ ನಡೆದದ್ದಕ್ಕೆ ಸಾಕ್ಷಿ ನಮ್ಮ ಹಿರಿಯ ಲಿಫ್ಟ್ ಮೆಕ್ಯಾನಿಕ್; ಕತ್ತರಿಗೆಂದು ಬಂದಿದ್ದವರು. ಕೈಯಲ್ಲಿದ್ದ ಪೆನ್ನನ್ನು ಟಿಕ್ ಟಿಕ್ ಎನ್ನಿಸುತ್ತ ಮೋಡಣ್ಣ ನಿಂತಿದ್ದರಂತೆ. ಅಕ್ಕ ಹಾಳೆ ನೋಡಿದರಂತೆ. ಎಡಕ್ಕೆ ನೋಡಿದರಂತೆ, ಬಲಕ್ಕೆ ನೋಡಿದರಂತೆ. ಮೇಜಿನ ಖಾನೆ ಎಳೆದರಂತೆ, ಮುಚ್ಚಿದರಂತೆ. ಎರಡು ನಿಮಿಷ ಮಾತಿಲ್ಲ, ಧ್ಯಾನದ ಹಾಗೆ. ಆಮೇಲೆ ಕಾರ್ಡು ತಿರುಗಿಸಿದರಂತೆ.

ಕಾರ್ಡಿನ ಹಿಂಬದಿ ಖಾಲಿ. ಮುಟ್ಟಿ ನೋಡಿದವರ ಸಹಿ ಇಲ್ಲ.

“ಇದನ್ನ ಯಾರೂ ಮುಟ್ಟಿ ನೋಡಿಲ್ಲ ಸರ್. ನಾನು ಸಹಿ ಹಾಕೋಕಾಗಲ್ಲ.”

“ನಿಮ್ಮ ಕಪಾಟಲ್ಲೇ ಇದೆ, ‘ಇದೆ’ ಅಂತ ನೀವೇ ಬರೆದಿದೀರಿ, ಈಗ ಇಲ್ಲ ಅಂತೀರಲ್ಲ!”

“ಹಾಗಾದ್ರೆ ತಪ್ಪು ನನ್ನದೇ. ಆದ್ರೂ ಮುಟ್ಟಿ ನೋಡೋಣ.”

ಮೋಡಣ್ಣನ ಮುಖದಲ್ಲಿ ಮೋಡ ಕವಿಯಿತು. ಗುಡುಗು ದೊಡ್ಡ ಸಾಹೇಬರ ಕೋಣೆಯಲ್ಲಿ ಕೇಳಿಸಿತು. ತಾತನನ್ನು ಸಾಗಿಸುವ ಲಾರಿ ಆಗಲೇ ಗೇಟಿನಲ್ಲಿತ್ತು. ಸಾಹೇಬರು ಅಕ್ಕನನ್ನು ಕರೆಸಿ ಹೇಳಿದ್ದು ಇಷ್ಟು: “ನೋಡ್ರಮ್ಮಾ, ನಿಮ್ಮ ಸಮಾಧಾನಕ್ಕೆ ಒಂದು ಗಂಟೆ. ಏನಾದ್ರೂ ಸಿಕ್ಕಿದ್ರೆ ಸರಿ. ಸಿಗದಿದ್ರೆ ಆರು ತಿಂಗಳ ವಾಯಿದೆ ಇವತ್ತಿಗೇ ಮುಗೀತು. ಸೋಮವಾರ ನೀವು ಗೋದಾಮಲ್ಲಿ.”

ಅಕ್ಕ ತಲೆಯಾಡಿಸಿ ಹೊರಬಂದರು. ಮೆಕ್ಯಾನಿಕ್ ಅವರ ಹಿಂದೆಯೇ ನಡೆದು, “ಅಕ್ಕಾ, ಸುಮ್ನೆ ಸಹಿ ಹಾಕಿಬಿಡಬಾರ್ದಾ?” ಎಂದು ಕಿವಿಯಲ್ಲಿ ಕೇಳಿದರು.

“ನೀನು ಹಗ್ಗ ನೋಡದೆ ಲಿಫ್ಟ್ ಬಿಡ್ತೀಯೇನೋ?”

“ಅಯ್ಯೋ, ಇಲ್ಲಪ್ಪ.”

“ಮತ್ತೆ?”

ನೆಲಮಾಳಿಗೆಯಲ್ಲಿ ಪರೀಕ್ಷೆ ಏರ್ಪಾಟಾಯಿತು. ತಾತನೊಳಗೆ ನಾವು ಲಿಫ್ಟ್ ಹಾಕಿಕೊಟ್ಟ ಸಾವಿರದ ನೂರು ಕಟ್ಟಡಗಳ ಪಟ್ಟಿ ಇತ್ತು. ಹೊಸ ಯಂತ್ರದೊಳಗೂ ಅದೇ ಪಟ್ಟಿ. ಹಳೆಯದು ಅಳಿಸಲು ಮರೆತ ಕಸ ಎಂದು ಮೋಡಣ್ಣನ ವಾದ. “ಹತ್ತು ನಿಮಿಷ ತಾತನ್ನ ಆರಿಸಿ ನೋಡೋಣ” ಎಂದರು. ಅಕ್ಕ ಒಪ್ಪಲಿಲ್ಲ. ಆ ಹತ್ತು ನಿಮಿಷದಲ್ಲಿ ಎಲ್ಲೋ ಒಂದು ಆಸ್ಪತ್ರೆಯಲ್ಲಿ ಯಾರಾದರೂ ಸಿಕ್ಕಿಕೊಂಡರೆ? ನಮ್ಮ ಕಚೇರಿಯ ಹೆಸರೊಂದನ್ನೇ ತಾತನ ಪಟ್ಟಿಯಿಂದ ತೆಗೆಯುವುದು, ನಮ್ಮದೇ ಲಿಫ್ಟಿನಲ್ಲಿ ಗುಂಡಿ ಒತ್ತುವುದು ಎಂದಾಯಿತು.

“ಒಳಗೆ ನಾನೇ ನಿಲ್ತೀನಿ” ಎಂದರು ಮೋಡಣ್ಣ, ಎದೆಯುಬ್ಬಿಸಿ. “ಒತ್ತಿದ ಮರುಕ್ಷಣ ಗಂಟೆ ಹೊಡೆಯುತ್ತೆ. ಆಮೇಲೆ ಸಹಿ ಹಾಕ್ತೀರಲ್ಲ?”

“ಕಣ್ಣು ಮುಚ್ಚಿ ಹಾಕ್ತೀನಿ.”

ಮೆಕ್ಯಾನಿಕ್ ಲಿಫ್ಟನ್ನು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಲ್ಲಿಸಿದರು. ತುರ್ತು ಕೋಣೆಯಲ್ಲಿ ಕರೆ ತೆಗೆದುಕೊಳ್ಳುವ ಹೆಂಗಸರಿಬ್ಬರು ಹೆಡ್‌ಫೋನ್ ಹಾಕಿ ಕೂತರು. ಅಕ್ಕ ಗಡಿಯಾರ ನೋಡುತ್ತ ಗೋಡೆಗೆ ಒರಗಿ ನಿಂತರು. ಒಂದು ನಿಮಿಷ. ಎರಡು. ದೊಡ್ಡ ಸಾಹೇಬರೂ ಬಂದು ಬಾಗಿಲಲ್ಲಿ ನಿಂತರು. ಮೂರು. ಗೋಡೆಯ ಮೇಲಿನ ಗಂಟೆ ಗೋಡೆಯಷ್ಟೇ ಸುಮ್ಮನಿತ್ತು.

“ಒತ್ತಿದ್ದಾರೋ ಇಲ್ವೋ?” ಎಂದರು ಸಾಹೇಬರು.

“ಫೋನ್ ಮಾಡಿ ಕೇಳಿ” ಎಂದು ಅವರೇ ಸೇರಿಸಿದರು.

“ಲಿಫ್ಟೊಳಗೆ ಫೋನ್ ಸಿಗಲ್ಲ ಸರ್” ಎಂದರು ಹೆಂಗಸರಲ್ಲಿ ಒಬ್ಬರು. “ಅದಕ್ಕೇ ಅಲ್ವಾ ಗುಂಡಿ ಇರೋದು?”

ಐದು ನಿಮಿಷಕ್ಕೆ ಮೇಲಿನಿಂದ ಧಡಧಡ ಸದ್ದು ಬಂತು. ‘ಬಾಗಿಲಿಗೆ ಒರಗಬೇಡಿ’ ಎಂಬ ನನ್ನ ಕೃತಿಯನ್ನು ಓದಿದ್ದ ಮೋಡಣ್ಣ ಒರಗದೆ ಗುದ್ದುತ್ತಿದ್ದರು. ಅಕ್ಕ ಸಾಹೇಬರ ಮುಖ ನೋಡಿದರು. ಸಾಹೇಬರು ತಲೆಯಾಡಿಸಿದರು. ಅಕ್ಕ ನೆಲಮಾಳಿಗೆಗೆ ಇಳಿದು ನಮ್ಮ ಕಚೇರಿಯ ಹೆಸರನ್ನು ತಾತನ ಪಟ್ಟಿಗೆ ಮತ್ತೆ ಹಾಕಿಸಿದರು. ತಾತ ಒಮ್ಮೆ ಕೆಮ್ಮಿದ ಹಾಗೆ ಸದ್ದು ಮಾಡಿತು. ಮರುಕ್ಷಣ ಕೋಣೆ ತುಂಬ ಗಂಟೆ. ಅದರ ಹಿಂದೆಯೇ ಸ್ಪೀಕರಿನಲ್ಲಿ ಮೋಡಣ್ಣನ ದನಿ:

“ಅಕ್ಕಾ! ಅಕ್ಕೋ! ಯಾರಾದ್ರೂ ಇದೀರಾ?”

ಅಲ್ಲಿಯವರೆಗೆ ಅವರು ಅಕ್ಕನನ್ನು ‘ರೀ’ ಬಿಟ್ಟು ಬೇರೆ ಏನೂ ಕರೆದಿರಲಿಲ್ಲ.

ದೊಡ್ಡ ಸಾಹೇಬರು ಪಕ್ಕದ ಕುರ್ಚಿ ಎಳೆದು ಕೂತರು. ಸಾವಿರದ ನೂರು ಕಟ್ಟಡ. ಆಸ್ಪತ್ರೆಗಳು, ವಸತಿಗೃಹಗಳು, ಗ್ರಂಥಾಲಯ, ಎಂಟು ಮಹಡಿಯ ಹೆರಿಗೆ ಮನೆ. ಐದು ಗಂಟೆಗೆ ಅಷ್ಟೂ ಗುಂಡಿಗಳು ಮೂಕವಾಗುತ್ತಿದ್ದವು, ಯಾರಿಗೂ ತಿಳಿಯದ ಹಾಗೆ. ಅವರು ಎದ್ದು ಗೇಟಿಗೆ ಫೋನ್ ಮಾಡಿ ಲಾರಿಯನ್ನು ಖಾಲಿ ಕಳಿಸಿದರು.

ಆ ಹಸಿರು ಬಾಣ ಸಲಹೆಗಾರರು ಐದು ವರ್ಷದ ಹಿಂದೆ ಬರೆದ ಕನಸು. ‘ಹೀಗಿರಲಿ’ ಎಂದು ಬರೆದದ್ದು, ‘ಇದೆ’ ಕಪಾಟಿಗೆ ಸೇರಿತ್ತು. ಸೇರಿಸಿದವರು ಯಾರೆಂದು ಕೇಳುವ ಮೊದಲೇ ಅಕ್ಕ ಕಾರ್ಡನ್ನು ಸಾಹೇಬರ ಮುಂದಿಟ್ಟರು. “ಅಕ್ಷರ ನನ್ನದೇ ಸರ್. ಬಂದ ಮೊದಲನೇ ವಾರ. ಅಂದವಾಗಿದ್ದದ್ದನ್ನೆಲ್ಲ ‘ಇದೆ’ಗೆ ಹಾಕಿಬಿಟ್ಟಿದ್ದೆ. ಮುಟ್ಟಿ ನೋಡೋ ಕಟ್ಟಳೆ ಆಮೇಲೆ ಬಂತು. ಆಗ ಹಾಕಿದವನ್ನ ಮತ್ತೆ ತೆಗೆದು ನೋಡಬೇಕಿತ್ತು, ನೋಡಲಿಲ್ಲ. ಸೋಮವಾರ ಎಲ್ಲಿಗೆ ಬರಲಿ, ನೀವೇ ಹೇಳಿ.”

ಸಾಹೇಬರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದರು. “ಆ ಮೊದಲನೇ ವಾರದಲ್ಲಿ ಹೀಗೆ ಹಾಕಿದ್ದು ಎಷ್ಟಿವೆ?”

“ಅರವತ್ತೆರಡು.”

“ಸೋಮವಾರದಿಂದ ಒಂದೊಂದಾಗಿ ಮುಟ್ಟಿ ನೋಡಿ. ಇಲ್ಲೇ ಬನ್ನಿ.” ಸ್ವಲ್ಪ ತಡೆದು, “ಜೊತೆಗೆ ಇಬ್ಬರು ಎಂಜಿನಿಯರುಗಳನ್ನ ಕೊಡ್ತೀನಿ. ಮೂಗು ಮುರಿಯದವರನ್ನ” ಎಂದರು.

ಅಂದು ಸಂಜೆ ಅಕ್ಕ ಮನೆಗೆ ಹೋದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು. “ಏನಾಯ್ತು?” ಎಂದರು, ಕುಂಡದತ್ತ ನೋಡುತ್ತ.

“ಇಲ್ಲೇ ಇರಬಹುದಂತೆ ಅತ್ತೆ.”

“ಗೊತ್ತಿತ್ತು ಬಿಡು. ಎತ್ತಿಡೋದು ಬಂದವಳನ್ನ ಯಾರು ಎತ್ತಿ ಎಸೀತಾರೆ?” ಎಂದರು ಅತ್ತೆ. ಬಸ್ಸಿನ ಹಳೆಯ ವೇಳಾಪಟ್ಟಿಯನ್ನು ಅವರಾಗಲೇ ಸಕ್ಕರೆ ಡಬ್ಬಿಯ ಅಡಿಗೆ ಹಾಸಿದ್ದರು, ಇರುವೆಗೆ.

ಅರವತ್ತೆರಡರಲ್ಲಿ ಹತ್ತೊಂಬತ್ತು ನಕ್ಷೆ ಕನಸೆಂದು ತಿಳಿದು ‘ಇರಲಿ’ಗೆ ಹೋದವು. ಹೋದವು ಅಲ್ಲೇ ಕೂರಲಿಲ್ಲ ಎಂಬುದು ಸಂತೋಷದ ಸಂಗತಿ. ಕನಸು ಕನಸೆಂದು ಗೊತ್ತಾದ ಮೇಲೆ ಅದನ್ನು ನನಸು ಮಾಡುವವರೂ ಸಿಕ್ಕರು. ಮೋಡಣ್ಣನೇ ಮೊದಲಿಗರು. ತಾವಾಗಿ ಬಂದು ಬಿಲ್ಲೆ ಮೊಳೆಗೆ ಹಾಕಿ, ಆ ಹಸಿರು ಬಾಣದ ನಕ್ಷೆ ಒಯ್ದು, ಮೂರು ತಿಂಗಳು ಹೆಣಗಿ, ಅಷ್ಟೂ ಕಟ್ಟಡಗಳ ಗಂಟೆಯನ್ನು ಹೊಸ ಯಂತ್ರಕ್ಕೆ ನಿಜವಾಗಿ ತಂದರು. ಪ್ರತಿ ಬಡಾವಣೆಯಲ್ಲೂ ಒಂದು ಲಿಫ್ಟಿನೊಳಗೆ ತಾವೇ ನಿಂತು ಗುಂಡಿ ಒತ್ತಿದರು. ಕಾರ್ಡಿನ ಹಿಂಬದಿ ಅವರ ಸಹಿಯಿಂದ ತುಂಬಿ ಇನ್ನೊಂದು ಕಾರ್ಡು ಅಂಟಿಸಬೇಕಾಯಿತು. ನಕ್ಷೆ ‘ಇದೆ’ಗೆ ಬಂತು. ತಾತ ‘ಇತ್ತು’ವಿಗೆ ಹೋದ. ಅವನನ್ನು ಆರಿಸಿದ ಮಧ್ಯಾಹ್ನ ನೆಲಮಾಳಿಗೆ ಎಷ್ಟು ನಿಶ್ಶಬ್ದವಾಯಿತೆಂದರೆ, ಗೊರಕೆ ಹೊಡೆಯುವವರು ಊರಿಗೆ ಹೋದ ಮನೆಯ ಹಾಗೆ ಎಲ್ಲರಿಗೂ ಒಂಥರಾ ಆಯಿತು.

ಈಗ ಭೇಟಿ ಪುಸ್ತಕದಲ್ಲಿ ಕತ್ತರಿ ಎರಡನೇ ಸ್ಥಾನಕ್ಕೆ ಇಳಿದಿದೆ. ಮೊಳೆಗಳು ಸಾಲದೆ ಎದುರು ಗೋಡೆಗೂ ಹೊಡೆದಿದ್ದಾರೆ. ಬೇರೆ ಕಂಪನಿಗಳವರೂ ನೋಡಲು ಬರುತ್ತಾರೆ. ಕಳೆದ ತಿಂಗಳು ಹಾಗೆ ಬಂದ ತಂಡಕ್ಕೆ ದೊಡ್ಡ ಸಾಹೇಬರೇ, ಮೋಡಣ್ಣನನ್ನೂ ಜೊತೆಗಿಟ್ಟುಕೊಂಡು, ಉಗ್ರಾಣ ತೋರಿಸಿದರು, ತಮ್ಮ ಮನೆಯ ತೋಟ ತೋರಿಸುವವರಂತೆ. ಶುಕ್ರವಾರದ ಕಥೆಯನ್ನೂ ಹೇಳಿದರು. ಆ ಎರಡು ನಿಮಿಷದ ಧ್ಯಾನ ಅವರ ಬಾಯಲ್ಲಿ ಹತ್ತು ನಿಮಿಷವಾಗಿತ್ತು. ತಂಡದಲ್ಲಿದ್ದ ಎಂಜಿನಿಯರ್ ಹುಡುಗಿಯೊಬ್ಬಳು ಟಿಪ್ಪಣಿ ಪುಸ್ತಕ ಬಿಡಿಸಿ, ಕಣ್ಣರಳಿಸಿ ಕೇಳಿದಳು:

“ಮೇಡಂ, ಅಷ್ಟು ಅಂದವಾದ ನಕ್ಷೆ, ಅದೂ ನಿಮ್ಮದೇ ಕಪಾಟಿಂದ ಬಂದದ್ದು. ಆದ್ರೂ ಕಾರ್ಡ್ ತಿರುಗಿಸಿ ನೋಡಬೇಕು ಅಂತ ಆ ಕ್ಷಣದಲ್ಲಿ ಹೇಗೆ ಹೊಳೀತು? ಇಪ್ಪತ್ತೆರಡು ವರ್ಷದ ಅನುಭವಾನಾ?”

ಎಲ್ಲರೂ ಕಿವಿ ನಿಮಿರಿಸಿದರು. ದೊಡ್ಡ ಸಾಹೇಬರು ಹೆಮ್ಮೆಯಿಂದ ಕೈ ಕಟ್ಟಿ ನಿಂತರು. ಅಕ್ಕ ಮೋಡಣ್ಣನ ಜೇಬಿನತ್ತ ಒಮ್ಮೆ ನೋಡಿದರು.

“ಸಹಿ ಹಾಕೋಣ ಅಂತಾನೇ ಇದ್ದೆ ಕಣಮ್ಮಾ. ಪೆನ್ ಸಿಗಲಿಲ್ಲ. ಕಾರ್ಡ್ ಅಡೀಲಿ ಇದೆಯೇನೋ ಅಂತ ತಿರುಗಿಸಿದೆ. ನನ್ನ ಪೆನ್ ಇವರ ಕೈಯಲ್ಲಿತ್ತು. ತಗೊಂಡು ಹೋಗೋವಾಗ ಬಿಲ್ಲೆ ಹಾಕಿರಲಿಲ್ಲ.”